ಅವ್ವನ ಮೂಳೆ ಸವೆದದ್ದು ವಯಸ್ಸಿನಿಂದ ಮಾತ್ರ ಅಲ್ಲ



ಭದ್ರಾವತಿಯಲ್ಲಿ ನಮ್ಮವ್ವ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರ್ಕೊಂಡು ಮೂರು ತಿಂಗಳಾಯ್ತು. ಎತ್ತರದಿಂದ ಬಿದ್ದಿದ್ದಲ್ಲ, ಬರೀ ಜಾರಿದ್ದು. ಮೂವತ್ತು ವರ್ಷ ಗುತ್ತಿಗೆದಾರನ ಕೈಕೆಳಗೆ ಬೀದಿ ಗುಡಿಸಿದ ಹೆಂಗಸು. ವಿಟಮಿನ್ ಡಿ ಪರೀಕ್ಷೆ ಮಾಡಿಸೋಣ ಅಂದ್ರೆ ಒಬ್ಬ ಡಾಕ್ಟರು ನಕ್ಕುಬಿಟ್ಟರು: "ಬಿಸಿಲಲ್ಲೇ ದುಡಿಯೋ ಜನ ನೀವು, ನಿಮಗ್ಯಾಕ್ರೀ ಕೊರತೆ?" ಹಟ ಹಿಡಿದು ಮಾಡಿಸಿದೆ. ಕನಿಷ್ಠ 20 ಇರಬೇಕಾದ ಕಡೆ ಬಂದಿದ್ದು 9.

ಈ "ಬಿಸಿಲಲ್ಲಿ ದುಡಿಯೋ ಜನ" ಅನ್ನೋ ಮಾತನ್ನ ಸ್ವಲ್ಪ ಬಿಡಿಸಿ ನೋಡೋಣ. ಚರ್ಮದಲ್ಲಿ ವಿಟಮಿನ್ ಡಿ ಚೆನ್ನಾಗಿ ತಯಾರಾಗೋದು ನಡುಹಗಲಿನ ಬಿಸಿಲಿಗೆ, ಬೆಳಗಿನ ಎಳೆಬಿಸಿಲಿಗಲ್ಲ. ಅವ್ವ ಕತ್ತಲಲ್ಲೇ ಪೊರಕೆ ಹಿಡಿದು ಹೊರಡ್ತಿದ್ದಳು. ತಲೆಗೆ ಸೆರಗು, ಸೀರೆ ಮೇಲೆ ತುಂಬುತೋಳಿನ ಶರ್ಟು. ನೆತ್ತಿ ಸುಡೋ ಹೊತ್ತಿಗೆ ಒಂದೇ ಕೋಣೆಯ ಮನೇಲಿ ಒಲೆ ಮುಂದೆ. ಕಪ್ಪು ಚರ್ಮಕ್ಕೆ ಅಷ್ಟೇ ವಿಟಮಿನ್ ತಯಾರಿಸೋಕೆ ಇನ್ನೂ ಹೆಚ್ಚು ಹೊತ್ತು ಬಿಸಿಲು ಬೇಕು. ಹಾಗಿರುವಾಗ ನಮ್ಮ ಬಣ್ಣ, ನಮ್ಮ ಕೆಲಸ ನೋಡಿ "ಕೊರತೆ ಇರಲ್ಲ" ಅಂತ ತೀರ್ಪು ಕೊಡೋದು ವೈದ್ಯಕೀಯ ಅಲ್ಲ, ಜಾತಿಯ ಕಣ್ಣು.

ಇನ್ನು ಕ್ಯಾಲ್ಸಿಯಂ. ಐಸಿಎಂಆರ್ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1200 ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ನಮ್ಮನೇಲಿ ಎರಡು ಹೊತ್ತೂ ಅನ್ನ, ಹಾಲು ಅಂದ್ರೆ ಟೀಗೆ ಬೀಳೋ ನಾಲ್ಕು ಹನಿ. ಕಾಲುಸೂಪು ಕುಡಿದರೆ ಮೂಳೆ ಗಟ್ಟಿ ಅಂತಾರಲ್ಲ, ಸೂಪಿಗೆ ಇಳಿಯೋ ಕ್ಯಾಲ್ಸಿಯಂ ಅತ್ಯಲ್ಪ. ಮೂಳೆ ಸಮೇತ ಅಗಿದು ತಿನ್ನೋ ಸಣ್ಣ ಒಣಮೀನು ಅದಕ್ಕಿಂತ ಎಷ್ಟೋ ಮೇಲು.

ಸರ್ಕಾರಕ್ಕೆ ಇದು ಗೊತ್ತಿಲ್ವಾ? ಗೊತ್ತಿದೆ. 2014ರ ಕೇಂದ್ರ ಮಾರ್ಗಸೂಚಿ ಪ್ರಕಾರ ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೆ ಎರಡು ಮಾತ್ರೆ ಉಚಿತ. ಒಂದೊಂದರಲ್ಲೂ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ವಿಟಮಿನ್ ಡಿ. ಒಳ್ಳೇದೇ. ಆದರೆ ಹೆರಿಗೆಯಾಗಿ ಆರು ತಿಂಗಳಿಗೆ ಅದು ನಿಲ್ಲುತ್ತೆ. ಹೊಟ್ಟೇಲಿ ಮಗು ಇದ್ದಾಗ ಮಾತ್ರ ಹೆಣ್ಣಿಗೆ ಮೂಳೆ ಇರುತ್ತಾ? ಮುಟ್ಟು ನಿಂತು ಮೂಳೆ ಬೇಗ ಬೇಗ ಸವೆಯೋ ವಯಸ್ಸಲ್ಲಿ ಅವಳನ್ನ ಕೇಳೋರೇ ಇಲ್ಲ.

ಶಿವಮೊಗ್ಗದ ನನ್ನ ಆಫೀಸಲ್ಲಿ ಇದರ ತಿರುವುಮುರುವು. ಹಾಲು, ಮೊಸರು, ಪನೀರು ತಿನ್ನೋರ ಟೇಬಲ್ ಮೇಲೇ ಮಾತ್ರೆ ಡಬ್ಬಿ. 2022ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು 25 ಸಾವಿರಕ್ಕೂ ಹೆಚ್ಚು ಜನರನ್ನ ನೋಡಿ ಹೇಳಿತು: ಕೊರತೆ ಇದೆಯಾ ಅಂತ ನೋಡದೆ ಆರೋಗ್ಯವಂತರಿಗೆ ವಿಟಮಿನ್ ಡಿ ಕೊಟ್ಟರೆ ಮೂಳೆ ಮುರಿತ ಕಡಿಮೆಯಾಗಲ್ಲ. ಅದೇ 1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿ ಬಿಸಿಲು ಕಾಣದ ಮೂರು ಸಾವಿರಕ್ಕೂ ಹೆಚ್ಚು ಅಜ್ಜಿಯರಿಗೆ ಕ್ಯಾಲ್ಸಿಯಂ ಜೊತೆ ವಿಟಮಿನ್ ಡಿ ಕೊಟ್ಟಾಗ ಸೊಂಟದ ಮೂಳೆ ಮುರಿಯೋದು ಇಳಿಯಿತು. ಅಂದ್ರೆ ಕೊರತೆ ಇದ್ದೋರಿಗೆ ಕೊಟ್ಟರೆ ಔಷಧ, ಇಲ್ಲದೋರಿಗೆ ಮಾರಿದರೆ ವ್ಯಾಪಾರ. ನಮ್ಮಲ್ಲಿ ವ್ಯಾಪಾರ ಜೋರಾಗಿದೆ, ಔಷಧ ಬೀದಿಗೆ ಇಳಿದಿಲ್ಲ.

ಊಟದ ಮಾತು ಬಂದ್ರೆ ಮಡಿವಂತಿಕೆ ಎದ್ದು ನಿಲ್ಲುತ್ತೆ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಟ್ಟಾಗ ಕೆಲವು ಮಠಾಧೀಶರು ಬೀದಿಗಿಳಿಯೋ ಮಾತಾಡಿದರು. ಮೊಟ್ಟೆ ಒಂದೇ ಮೂಳೆ ಉಳಿಸಲ್ಲ, ನಿಜ. ಆದರೆ ವಿಟಮಿನ್ ಡಿ ಇರೋ ಆಹಾರಾನೇ ಬೆರಳೆಣಿಕೆ, ಅದರಲ್ಲಿ ಬಡವರ ಕೈಗೆ ಎಟುಕೋದು ಮೊಟ್ಟೆಯ ಹಳದಿ. ಅದಕ್ಕೂ ಅಡ್ಡಗಾಲಾ?

ನಮ್ಮ ಬೇಡಿಕೆ ದೊಡ್ಡದಲ್ಲ. ಪೌರಕಾರ್ಮಿಕರ ಬೆಳಗಿನ ಉಪಾಹಾರದಲ್ಲಿ ರಾಗಿ, ಹಾಲು, ಮೊಟ್ಟೆ ಇರಲಿ. ನಲವತ್ತೈದು ದಾಟಿದ ಕಾರ್ಮಿಕ ಹೆಂಗಸರನ್ನ, ಗುತ್ತಿಗೆಯವರನ್ನೂ ಸೇರಿಸಿ, ತಪಾಸಣೆ ಮಾಡಿ ಬೇಕಾದೋರಿಗೆ ಮಾತ್ರೆ ಉಚಿತವಾಗಿ ಕೊಡಿ.

ಗೆಳೆಯರೇ, ನೀವಾಗೇ ಅಂಗಡೀಲಿ ಕೊಂಡು ನುಂಗಬೇಡಿ. 60,000 ಯೂನಿಟ್ಟಿನದು ಸಾಮಾನ್ಯವಾಗಿ ವಾರಕ್ಕೊಂದು, ಅದೂ ಡಾಕ್ಟರು ಹೇಳಿದಷ್ಟೇ ವಾರ. ದಿನಾ ತಗೊಂಡು ಅತಿಯಾದರೆ ಕಿಡ್ನಿಗೆ ಪೆಟ್ಟು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ಒಟ್ಟಿಗೆ ಬೇಡ, ಎರಡು ಗಂಟೆ ಅಂತರ ಇರಲಿ.

ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ ಊರು ಭದ್ರಾವತಿ. ಅಲ್ಲಿ ಭೂಮಿ ಕೇಳಿದೀವಿ, ನೀರು ಕೇಳಿದೀವಿ. ಈಗ ಅವ್ವಂದಿರ ಮೂಳೆ ಕೇಳೋಣ. ಮನವಿ ನಾನೇ ಟೈಪ್ ಮಾಡ್ತೀನಿ, ಗುಮಾಸ್ತನಿಗೆ ಅದೇನು ಕಷ್ಟ. ಸಹಿ ಹಾಕೋಕೆ ಬನ್ನಿ, ನಿಮ್ಮವ್ವನ್ನೂ ಕರ್ಕೊಂಡು ಬನ್ನಿ.

ಜೈಭೀಮ್.