ಕೆರೆಯುವ ಕೈ, ಕೀಲಿಕೈ

ಹಳೆಯ ಜೀಪನ್ನು ಮನೆಯಲ್ಲೇ ಬಿಚ್ಚಿ, ಸರಿಪಡಿಸಿ, ಬಣ್ಣ ಹೊಡೆಯುವುದು ಗಂಡಸರ ಕೆಲಸ ಎಂಬ ನಂಬಿಕೆ ನಮ್ಮಲ್ಲಿದೆ. ಈ ನಂಬಿಕೆ ಸುಳ್ಳು. ಬರೀ ಸುಳ್ಳಾಗಿದ್ದರೆ ನಾನು ಕಾಗದ ಹಾಳು ಮಾಡುತ್ತಿರಲಿಲ್ಲ. ಇದು ಹೆಂಗಸರಿಗೆ ನಷ್ಟ ತರುವ ಸುಳ್ಳು. ಆ ಕೆಲಸದ ಮುಕ್ಕಾಲು ಪಾಲು ನಡೆಯುವುದು ಹೆಂಗಸರ ಕೈಯಿಂದ. ಅದರ ದೂಳು ಬಂದು ಕೂರುವುದು ಹೆಂಗಸರ ಅಡುಗೆಮನೆಯಲ್ಲಿ. ಕೊನೆಗೆ ಕೀಲಿಕೈ ಮಾತ್ರ ನೇರವಾಗಿ ಗಂಡಸರ ಜೇಬಿಗೆ ಹೋಗುತ್ತದೆ.

ನನ್ನ ಗಂಡನ ಊರು ಹರಿಹರ ತಾಲ್ಲೂಕಿನ ಕೊಕ್ಕನೂರು. ಹನುಮಪ್ಪನಿಂದಾಗಿ ಸುತ್ತಲ ಊರುಗಳಲ್ಲಿ ಹೆಸರಾದ ಊರು. ಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗ. ನಾಲೆಯಲ್ಲಿ ನೀರು ಬಂದರೆ ಭತ್ತ, ಬಾರದಿದ್ದರೆ ಆಕಾಶ ನೋಡುವುದು. ನಮ್ಮ ಮಾವನವರು 1991ರಲ್ಲಿ ಒಂದು ಮಹೀಂದ್ರ ಎಂ.ಎಂ. 540 ಜೀಪು ಕೊಂಡರು. ಎರಡನೆಯ ಮಹಾಯುದ್ಧಕ್ಕೆಂದು 1941ರಲ್ಲಿ ಅಮೆರಿಕದಲ್ಲಿ ತಯಾರಾದ ಬಂಡಿ ಅದರ ಮೂಲ. 1947ರಿಂದ ಮುಂಬಯಿಯಲ್ಲಿ ಮಹೀಂದ್ರದವರು ಅದನ್ನು ಜೋಡಿಸತೊಡಗಿದರು. ಅದರ ಹೆಚ್ಚುಗಾರಿಕೆ ಇರುವುದು ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಎಳೆತ ಸಿಗುವುದರಲ್ಲಿ. ಮಳೆಗಾಲದಲ್ಲಿ ನಾಲೆಯ ಏರಿಯ ಮೇಲೆ ಟ್ರ್ಯಾಕ್ಟರ್ ಬಿಟ್ಟರೆ ಓಡುತ್ತಿದ್ದದ್ದು ಇದೊಂದೇ. ಮಾವನವರು ತೀರಿಕೊಂಡ ಮೇಲೆ ಅದು ಹಿತ್ತಲ ಬೇವಿನ ಮರದ ಕೆಳಗೆ ಮೂರು ವರ್ಷ ನಿಂತಿತು. ಕೋಳಿ ಅದರೊಳಗೆ ಮೊಟ್ಟೆ ಇಟ್ಟು ಮರಿ ಮಾಡಿದ್ದೂ ಉಂಟು. ಹೋದ ಬೇಸಿಗೆಯಲ್ಲಿ, ಹೊಸ ಗಾಡಿಗೆ ಲಕ್ಷಗಟ್ಟಲೆ ಸುರಿಯುವ ಬದಲು ಇದನ್ನೇ ಎಬ್ಬಿಸೋಣ ಎಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಒಳ್ಳೆಯದೇ. ಹಳೆಯದನ್ನು ಎಸೆಯದೆ ಉಳಿಸಿಕೊಳ್ಳುವುದನ್ನು ಹೆಂಗಸರಾದ ನಾವು ಯಾಕೆ ಬೇಡವೆನ್ನೋಣ? ಹರಿದ ಸೀರೆಯನ್ನು ಕೌದಿ ಮಾಡಿ ಹೊದೆಸಿದವರು ನಾವೇ ತಾನೆ!

ಆದರೆ ಕೆಲಸ ಹೇಗೆ ನಡೆಯಿತು ಎಂಬುದನ್ನು ಕೇಳಿ. ಜೀಪಿನ ತುಕ್ಕು ಬಾನೆಟ್ಟಿನ ಮೇಲಿರುವುದಿಲ್ಲ. ಕಾಲಿಡುವ ತಗಡಿನಲ್ಲಿ, ಸೀಟಿನ ಅಡಿಯಲ್ಲಿ, ಚಕ್ರದ ಮೇಲಿನ ಮಡ್‌ಗಾರ್ಡಿನ ಮಡಿಕೆಯಲ್ಲಿ, ಗಾಜಿನ ಚೌಕಟ್ಟಿನ ಬುಡದಲ್ಲಿ ಅಡಗಿರುತ್ತದೆ. ಗದ್ದೆಯ ಕೆಸರು ಎಲ್ಲೆಲ್ಲಿ ಒಣಗದೆ ಕೂತಿರುತ್ತದೋ ಅಲ್ಲೆಲ್ಲ ಕಬ್ಬಿಣವನ್ನು ತಿನ್ನುತ್ತದೆ. ಅದನ್ನು ತಂತಿ ಬ್ರಷ್ಷಿನಿಂದ ಕೆರೆದು, ಎಮರಿ ಕಾಗದದಲ್ಲಿ ಉಜ್ಜಿ, ಕಬ್ಬಿಣದ ಬಿಳುಪು ಕಾಣುವವರೆಗೆ ತೆಗೆಯಬೇಕು. ನನ್ನ ಓರಗಿತ್ತಿಯೂ ಅವಳ ಮಗಳೂ ಹನ್ನೊಂದು ದಿನ ಅದನ್ನು ಕೆರೆದರು. ರಜೆಗೆ ಹೋಗಿದ್ದ ನಾನೂ ನಾಲ್ಕು ದಿನ ಕೂತೆ. ಆಮೇಲೆ ರೆಡ್ ಆಕ್ಸೈಡ್ ಬಳಿದದ್ದು, ಪುಟ್ಟಿ ಹಚ್ಚಿದ್ದು, ನೀರು ಸುರಿಯುತ್ತಾ ವಾಟರ್ ಪೇಪರಿನಲ್ಲಿ ಮತ್ತೆ ಉಜ್ಜಿದ್ದೂ ಅವರೇ. ಎಲ್ಲಾ ನುಣುಪಾದ ಮೇಲೆ ಹರಿಹರದಿಂದ ಪೇಂಟರ್ ಕಂಪ್ರೆಸರ್ ತಂದ. ಎರಡೇ ದಿನ ಗನ್ನಿನಲ್ಲಿ ಬಣ್ಣ ಊದಿದ. ಅವನಿಗೆ ಹೊತ್ತುಹೊತ್ತಿಗೆ ಮಂಡಕ್ಕಿ, ಮಿರ್ಚಿ, ಚಹಾ. ಹುಡುಗಿ ಒಂದು ಸಲ ಗನ್ನು ಹಿಡಿದು ನೋಡುತ್ತೇನೆ ಎಂದಾಗ ಅವರಪ್ಪ, "ಸರೀ ಅತ್ಲಾಗೆ, ಇದು ಹುಡುಗೀರ ಕೆಲ್ಸ ಅಲ್ಲ" ಎಂದ. ಹನ್ನೊಂದು ದಿನ ಕೆರೆಯುವಾಗ ಅದು ಹುಡುಗಿಯರ ಕೆಲಸವಾಗಿತ್ತು! ನೋಡಲು ಬಂದವರಿಗೆಲ್ಲ, "ಮನೇಲೇ ನಾವೇ ರೆಡಿ ಮಾಡಿದ್ವಿ" ಎಂದು ಹೇಳಲಾಯಿತು. ಆ 'ನಾವು' ಯಾರು ಎಂದು ಯಾರೂ ಕೇಳಲಿಲ್ಲ.

ಈ ವಿದ್ಯೆ ಹೆಂಗಸರಿಗೆ ತಿಳಿಯದು ಎನ್ನುವವರಿಗೆ ನಾನು ಹೇಳುವುದಿಷ್ಟು. ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ತಗುಲಿದರೆ ತುಕ್ಕು ಹಿಡಿಯುತ್ತದೆ, ನಡುವೆ ಒಂದು ಪದರ ಇದ್ದರೆ ಹಿಡಿಯುವುದಿಲ್ಲ. ಇದನ್ನು ನಮಗೆ ಯಾವ ಟಿಂಕರನೂ ಕಲಿಸಬೇಕಾಗಿಲ್ಲ. ದೋಸೆ ಹಂಚಿಗೆ, ಈಳಿಗೆಮಣೆಗೆ, ಕುಡುಗೋಲಿಗೆ ಎಣ್ಣೆ ಸವರಿ ಇಡುವವರು ಯಾರು? ಒಂದು ಪದರ ಪೂರ್ತಿ ಒಣಗದೆ ಇನ್ನೊಂದನ್ನು ಹಚ್ಚಬಾರದು, ಮೋಡ ಮುಸುಕಿದ ದಿನ ಬಣ್ಣ ಹೊಡೆದರೆ ತೇವಕ್ಕೆ ಬೆಳ್ಳಗೆ ಮಬ್ಬು ಹಿಡಿಯುತ್ತದೆ ಎಂದು ಪೇಂಟರ್ ದೊಡ್ಡ ಗುಟ್ಟಿನಂತೆ ಹೇಳಿದ. ಹಪ್ಪಳ, ಸಂಡಿಗೆ ಹಾಕುವ ಯಾವ ಹೆಂಗಸು ಬೆಳಿಗ್ಗೆ ಎದ್ದು ಮೋಡ ನೋಡದೆ ಹಿಟ್ಟು ಕಲಸುತ್ತಾಳೆ?

ನಮಗೆ ತಿಳಿಯದ, ತಿಳಿಯಲೇಬೇಕಾದ ಸಂಗತಿ ಬೇರೆ ಇದೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದರಲ್ಲೂ ಹಳದಿ, ಕೆಂಪು, ಕಿತ್ತಳೆ ಬಣ್ಣಗಳಲ್ಲಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂದು ನಮ್ಮ ದೇಶದಲ್ಲಿ ನಿಯಮ ಬಂದದ್ದೇ 2016ರಲ್ಲಿ. ಅದೂ ಮನೆಯ ಬಣ್ಣಕ್ಕೆ. ಒಣಗಿದ ಬಣ್ಣ ಕೆರೆದ ದೂಳು ಮಕ್ಕಳ ಹೊಟ್ಟೆಗೆ ಹೋದರೆ ಅವರ ಮಿದುಳಿನ ಬೆಳವಣಿಗೆಗೇ ಪೆಟ್ಟು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು. ಆ ಡ್ರಮ್ಮನ್ನು ಬಾಯಿಂದ ಊದಿ ದೂಳು ತೆಗೆಯುವುದು ಪುಪ್ಪುಸಕ್ಕೆ ವಿಷ. ಹಾರ್ಡನರ್ ಬೆರೆಸುವ ಈಗಿನ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ, ಅದರಿಂದ ಉಬ್ಬಸ ಬರಬಹುದು. ಮೂಗಿಗೆ ಸೆರಗೋ ಟವೆಲ್ಲೋ ಕಟ್ಟಿಕೊಂಡರೆ ಅದು ತಡೆಯುವುದಿಲ್ಲ. ನಮ್ಮ ಹಿತ್ತಲಲ್ಲಿ ಜೀಪಿನಿಂದ ಹತ್ತು ಹೆಜ್ಜೆಯಲ್ಲೇ ನೀರಿನ ತೊಟ್ಟಿ, ಅದರಾಚೆ ಅಡುಗೆಮನೆಯ ಕಿಟಕಿ. ತೊಟ್ಟಿ ಮುಚ್ಚಿರಿ, ಒದ್ದೆ ಮಾಡಿಕೊಂಡು ಉಜ್ಜಿರಿ, ಕೆರೆದ ಪುಡಿಯನ್ನು ಕಾಗದದಲ್ಲಿ ಕಟ್ಟಿರಿ, ಚಿಕ್ಕ ಮಕ್ಕಳನ್ನೂ ಬಸುರಿಯರನ್ನೂ ಹತ್ತಿರ ಬಿಡಬೇಡಿರಿ ಎಂದು ನಾನು ಹೇಳಿದ್ದಕ್ಕೆ, "ಟೀಚರ್ ಪಾಠ ಶುರು ಮಾಡಿದ್ರು" ಎಂಬ ನಗು ಸಿಕ್ಕಿತು. ನಕ್ಕವರು ಯಾರೂ ಆ ಅಂಗಳ ಗುಡಿಸುವವರಲ್ಲ.

ಇನ್ನು ದುಡ್ಡಿನ ಮಾತು. ಬಣ್ಣಕ್ಕೆ, ದಪ್ಪ ಟೈರಿಗೆ, ಸಾಲುಸಾಲು ದೀಪಕ್ಕೆ ಖರ್ಚು ಮಾಡುವ ಉತ್ಸಾಹ ಬ್ರೇಕಿಗೆ ಇರಲಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಎಂದರೆ ಇದೇ. ಮಿಲಿಟರಿ ಹಸಿರು ಬಳಿಯಬೇಕೆಂಬ ಆಸೆ ಬೇರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಬೇರೆ ಬಣ್ಣ ಬಳಿದರೂ ಆರ್.ಸಿ.ಯಲ್ಲಿ ಬರೆಸಬೇಕು ಎಂದು ತೋರಿಸಿಕೊಟ್ಟವಳು ಅದೇ ಹುಡುಗಿ. ಬ್ರೇಕಿನ ವೀಲ್ ಸಿಲಿಂಡರ್ ಸೋರುತ್ತಿದೆ ಎಂದು ಮೊದಲು ಕಂಡವಳೂ ಅವಳೇ. ಚಕ್ರದ ಬುಡ ಉಜ್ಜುತ್ತಾ ಕೂತವಳಿಗಲ್ಲದೆ ಅದು ಇನ್ಯಾರಿಗೆ ಕಂಡೀತು? ಹದಿನೈದು ವರ್ಷ ದಾಟಿದ ಸ್ವಂತ ವಾಹನಕ್ಕೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಜೀಪು, ಕಾರಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು; 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ 10,000 ಆಯಿತು. ನಮ್ಮ ಮನೆಯಲ್ಲಿ ಇಂಥ ಖರ್ಚಿಗೆಲ್ಲ ಕೈ ಹಾಕುವುದು ಓರಗಿತ್ತಿಯ ಹಾಲಿನ ಡೈರಿ ಪಾಸ್‌ಬುಕ್ಕಿಗೆ.

ಆ ಆರ್.ಸಿ. ಯಾರ ಹೆಸರಿಗಿದೆ ಎಂಬುದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ ಎಂದು ಹಿಂದೂ ಉತ್ತರಾಧಿಕಾರ ಕಾಯಿದೆ 1956ರಿಂದಲೂ ಹೇಳುತ್ತಿದೆ. ಜೀಪೂ ಆಸ್ತಿಯೇ. ಹೆಸರು ಬದಲಾಯಿಸಲು ಫಾರಂ 31 ತುಂಬುವಾಗ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳುತ್ತಾರೆ. ನಮ್ಮ ಅತ್ತೆಯವರಿಂದ ಆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಾಗ ಅದರಲ್ಲಿ ಏನಿದೆ ಎಂದು ಯಾರೂ ಓದಿ ಹೇಳಿರಲಿಲ್ಲ. "ಜೀಪಿಂದೇನೋ ಕಾಗದ ಅಂದ್ರವ್ವ, ಒತ್ತಿದೆ" ಎಂದರು. ಮೂವತ್ತು ವರ್ಷ ಆ ಜೀಪಿನ ಕೆಸರು ತೊಳೆದ ಹೆಂಗಸು ತನಗೊಂದು ಪಾಲಿತ್ತೆಂದು ತಿಳಿಯದೆಯೇ ಅದನ್ನು ಬಿಟ್ಟುಕೊಟ್ಟರು.

ಬಣ್ಣ ಒಣಗಿದ ಮೇಲೆ ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣಿಟ್ಟು, ಹನುಮಪ್ಪನ ಗುಡಿಗೆ ಹೋದೆವು. ಮುಂದೆ ಗಂಡಸರು, ಹಿಂದಿನ ಅಡ್ಡ ಸೀಟಿನಲ್ಲಿ ನಾವು. ಆ ಸೀಟಿನಲ್ಲಿ ಕೂತವರಿಗೆ ಎದುರಿನವರ ಮಂಡಿ ಬಿಟ್ಟರೆ, ದಾಟಿ ಬಂದ ದಾರಿ ಮಾತ್ರ ಕಾಣುತ್ತದೆ. ಹುಡುಗಿ ಕೀಲಿ ಕೇಳಿದಳು. ಹಿರಿಯರೊಬ್ಬರು, "ನಾಳೆ ಲಗ್ನ ಆಗಿ ಹೋಗೋಳು, ನಿನಗ್ಯಾಕವ್ವ ಜೀಪು?" ಎಂದರು. ಈಗ ಮನೆಯಲ್ಲಿ ಲೈಸೆನ್ಸ್ ಇರುವವರು ಇಬ್ಬರು, ಇಬ್ಬರೂ ಗಂಡಸರು, ಇಬ್ಬರೂ ವಾರದ ಆರು ದಿನ ದಾವಣಗೆರೆಯಲ್ಲಿ. ಮಲೇಬೆನ್ನೂರಿನಿಂದ ಎರಡು ಚೀಲ ಯೂರಿಯಾ ತರಬೇಕಾದರೆ ನನ್ನ ಓರಗಿತ್ತಿ, ಥಳಥಳಿಸುವ ಜೀಪನ್ನು ಹಿತ್ತಲಲ್ಲಿ ನಿಲ್ಲಿಸಿಕೊಂಡು, ಪಕ್ಕದ ಮನೆಯ ಹುಡುಗನಿಗೆ ಕಾಯುತ್ತಾಳೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ, ಸಂತೋಷ. ಆದರೆ ಬಸ್ಸು ಗೊಬ್ಬರದ ಚೀಲ ಹೊತ್ತು ಗದ್ದೆಯವರೆಗೆ ಬರುವುದಿಲ್ಲ.

ಹಳೆಯ ಜೀಪಿನ ಸ್ಟೀರಿಂಗ್ ಬಿರುಸು, ಹೆಂಗಸರಿಗೆ ಆಗುವುದಿಲ್ಲ ಎನ್ನುತ್ತಾರೆ. ದಿನವಿಡೀ ಬಗ್ಗಿ ನಾಟಿ ಹಾಕುವ, ಹುಲ್ಲಿನ ಹೊರೆ ಹೊರುವ ತೋಳಿಗೆ ಅದೊಂದು ಭಾರವೇ? ಶಕ್ತಿಗಿಂತ ಅಲ್ಲಿ ಬೇಕಾದದ್ದು ತಿಳಿವಳಿಕೆ. ನಾಲ್ಕು ಚಕ್ರದ ಲಿವರನ್ನು ಕೆಸರಿನಲ್ಲಿ, ಮರಳಿನಲ್ಲಿ ಹಾಕಬೇಕು. ಒಣ ಟಾರು ರಸ್ತೆಯಲ್ಲಿ ಹಾಕಿದರೆ, ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲಾರದೆ ಗೇರುಗಳ ಮೇಲೆ ಬಿಗಿತ ಬೀಳುತ್ತದೆ. ಮೆಕ್ಯಾನಿಕ್ ಇದನ್ನು ಹೇಳಿದಾಗ ಗಮನವಿಟ್ಟು ಕೇಳಿದವಳು ಆ ಹುಡುಗಿ. ಊರ ಹುಡುಗರು ಅದನ್ನು ಟಾರು ರಸ್ತೆಯಲ್ಲೇ ಹಾಕಿ ತೋರಿಸುತ್ತಿದ್ದರು. ಮೋಟಾರು ಬಂಡಿಯಲ್ಲಿ ಮೊಟ್ಟಮೊದಲ ದೂರಪ್ರಯಾಣ ಮಾಡಿದವಳು ಹೆಂಗಸು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಸುಮಾರು ನೂರು ಕಿಲೋಮೀಟರ್ ದೂರದ ತವರಿಗೆ ಹೋದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಗಂಡನ ಕಾರ್ಖಾನೆಗೆ ಅವಳ ತವರಿನಿಂದಲೂ ದುಡ್ಡು ಬಂದಿತ್ತು. ಇಂಗ್ಲೆಂಡಿನ ರಾಣಿಯಾದ ಎಲಿಜಬೆತ್ 1945ರಲ್ಲಿ, ಯುದ್ಧ ಮುಗಿಯುವ ಮೊದಲು, ಸೇನೆಯ ಮಹಿಳಾ ದಳ ಸೇರಿ ಲಾರಿ ಓಡಿಸುವುದನ್ನೂ ಎಂಜಿನ್ ರಿಪೇರಿಯನ್ನೂ ಕಲಿತಳು. ರಾಜಕುಮಾರಿಯ ಕೈಗೆ ಗ್ರೀಸ್ ಹತ್ತಿದರೆ ಹೆಮ್ಮೆ, ನಮ್ಮ ಹುಡುಗಿಯ ಕೈಗೆ ಹತ್ತಿದರೆ ಅವಮಾನವೆ?

1941ರಲ್ಲಿ ಹರಿಹರಕ್ಕೆ ಮೈಸೂರು ಕಿರ್ಲೋಸ್ಕರ್ ಬಂದು ಲೇತ್ ಯಂತ್ರ ತಯಾರಿಸತೊಡಗಿದಾಗ ನಮ್ಮ ಸೀಮೆಯ ಎಷ್ಟೋ ರೈತರ ಮಕ್ಕಳು ಕಬ್ಬಿಣದ ಕೆಲಸ ಕಲಿತರು. ಆ ಕಾರ್ಖಾನೆ ಮುಚ್ಚಿ ಎರಡು ದಶಕಗಳೇ ಕಳೆದರೂ ಕೈಗೆ ಬಂದ ವಿದ್ಯೆ ಹೋಗಲಿಲ್ಲ. ಯಾರೂ ಹೊಟ್ಟೆಯಿಂದಲೇ ಫಿಟ್ಟರ್ ಆಗಿ ಹುಟ್ಟುವುದಿಲ್ಲ, ಕಲಿಸಿದರೆ ಬರುತ್ತದೆ. ಹೆಣ್ಣುಮಕ್ಕಳಿಗೂ ಅಷ್ಟೇ.

ಆದ್ದರಿಂದ, ಅಕ್ಕತಂಗಿಯರೇ, ನಿಮ್ಮ ಹಿತ್ತಲಲ್ಲಿ ಹಳೆಯ ಜೀಪೋ ಕಾರೋ ಬಂದು ನಿಂತರೆ ಬೇಡವೆನ್ನಬೇಡಿ. ತುಕ್ಕು ಕೆರೆಯಿರಿ, ಆದರೆ ಕೆರೆದವಳಿಗೇ ಬಣ್ಣದ ಗನ್ನೂ ಸಿಗಲಿ. ಬಣ್ಣಕ್ಕೆ ಮೊದಲು ಬ್ರೇಕಿಗೆ ದುಡ್ಡು ಬಿಚ್ಚಿಸಿ. ಯಾವ ಕಾಗದಕ್ಕೂ ಓದಿಸಿಕೊಳ್ಳದೆ ಸಹಿ ಹಾಕಬೇಡಿ, ಹೆಬ್ಬೆಟ್ಟೂ ಒತ್ತಬೇಡಿ. ಮಗಳಿಗೆ ಹದಿನೆಂಟು ತುಂಬಿದೊಡನೆ ಎಲ್.ಎಲ್. ಮಾಡಿಸಿ, ಮೂವತ್ತು ದಿನ ಕಳೆದರೆ ಟೆಸ್ಟಿಗೆ ಹೋಗಬಹುದು. ಮಗಳಿಗಷ್ಟೇ ಯಾಕೆ, ನಲವತ್ತು ದಾಟಿದ ನೀವೂ ಮಾಡಿಸಿ. ಕೀಲಿಕೈಯನ್ನು ಗಂಡಸರ ಜೇಬಿನಿಂದ ತೆಗೆದು ನಡುಮನೆಯ ಮೊಳೆಗೆ ತೂಗುಹಾಕಿ. ಕೆಲಸ ಇದ್ದವರು ತೆಗೆದುಕೊಂಡು ಹೋಗಲಿ.