ಕೀಲಿಗೆ ಬೀಗ ಅನ್ನಲಿಲ್ಲಂತ ತಪ್ಪು

ಮರೆವಿನ ಬ್ಯಾನಿ ಎಷ್ಟು ಮುಂದ ಹೋಗೇದ ಅಂತ ನೋಡಲಿಕ್ಕೆ ನಮ್ಮ ಅತ್ತಿಯವರನ್ನ ದವಾಖಾನಿಗೆ ಕರಕೊಂಡು ಹೋಗಿದ್ವಿ. ಅಲ್ಲಿ ಒಬ್ಬ ಹುಡುಗಿ ಅಚ್ಚಾದ ಹಾಳಿ ಹಿಡಕೊಂಡು ಪ್ರಶ್ನೆ ಕೇಳಿದ್ಲು. ಒಂದು ಚಿತ್ರ ತೋರಿಸಿ ಇದೇನು ಅಂದ್ಲು. ಅತ್ತಿಯವರು "ಕೀಲಿ" ಅಂದ್ರು. ಹಾಳ್ಯಾಗ "ಬೀಗ" ಅಂತಿತ್ತು, ತಪ್ಪು ಅಂತ ಗೀಟು ಬಿತ್ತು. ಇವತ್ತ ತಾರೀಖು ಎಷ್ಟು ಅಂದ್ರ "ನಾಳೆ ಏಕಾದಶಿ ಅಲ್ಲೇನವಾ" ಅಂದ್ರು. ಖರೇನ ಏಕಾದಶಿ ಇತ್ತು! ಅದೂ ತಪ್ಪಾತು. ತಿಥಿ ಹಿಡದು ಬದುಕಿದ ಹೆಣ್ಣುಮಗಳಿಗೆ ತಾರೀಖು ಯಾವಾಗ ಬೇಕಾಗಿತ್ತು?

ಇಂಗ್ಲಿಷಿನ ಪ್ರಶ್ನೆ ಕನ್ನಡಕ್ಕ ಇಳಿಸಿದ ಕೂಡಲೆ ಅಳತಿ ತಯಾರಾತು ಅಂತ ಯಾರೂ ತಿಳೀಬಾರದು. ಕನ್ನಡ ಅಂದ್ರರೆ ಯಾವ ಊರಿಂದು?

ಸಿಡಿಆರ್ ಅಂತ ಒಂದು ಅಳತಿ ಅದ, 1982ರಾಗ ಅಮೆರಿಕಾದ ಸೇಂಟ್ ಲೂಯಿಸ್‌ನಾಗ ಆದದ್ದು. ನೆನಪು, ಹೊತ್ತು-ಜಾಗದ ಅರಿವು, ವಿಚಾರ ಮಾಡೋದು, ಹೊರಗಿನ ವ್ಯವಹಾರ, ಮನಿ ಕೆಲಸ, ತನ್ನ ಮೈ ತಾ ನೋಡಿಕೊಳ್ಳೋದು, ಇಷ್ಟು 6 ನೋಡಿ 0, 0.5, 1, 2, 3 ಅಂತ ಅಂಕ ಕೊಡತಾರ. ಅಂಕ ಏರಿದಷ್ಟು ಬ್ಯಾನಿ ಜಾಸ್ತಿ. ಇದಕ್ಕ ಮನಿ ಮಂದಿನ್ನೂ ಕೇಳಬೇಕು. ಈಗ ನಮ್ಮ ಮನ್ಯಾಗ ನೋಡ್ರಿ. ಅತ್ತಿಯವರು ಬ್ಯಾಂಕಿನ ಮೆಟ್ಟಲಾ ಹತ್ತಿದವರಲ್ಲ, ರೊಕ್ಕದ ವ್ಯವಹಾರ ಬರೂದಿಲ್ಲ ಅಂದ್ರ ಅದು ಬ್ಯಾನಿ ಹ್ಯಾಂಗಾತು? ಮನಿ ಕೆಲಸ ಕೇಳಿದಾಗ ನಮ್ಮವರು "ರೊಟ್ಟಿ ಬಡೀತಾರ, ಎಲ್ಲಾ ಛಲೋ ಅದ" ಅಂದುಬಿಟ್ರು. ರೊಟ್ಟಿ ಖರೇನ ಬಡೀತಾರ, ಕೈಗೆ ರೂಢಿ ಅದ. ಆದ್ರ ಗ್ಯಾಸ್ ತಿರುವಿ ಹಚ್ಚೂದು ಮರೀತಾರ. ಅದು ದಿನಾ ಅಡಿಗಿಮನ್ಯಾಗ ಇರೋ ನನಗ ಗೊತ್ತು. ನನ್ನ ಯಾರೂ ಕೇಳಲಿಲ್ಲ.

ಸಂತಿಯೊಳಗಿನ ತಕ್ಕಡಿ ಒಮ್ಮೊಮ್ಮೆ ಒಂದೊಂದು ತೂಕ ತೋರಿಸಿದ್ರ ಜಗಳಾ ತೆಗೀತೀವಿ. ದಿನಾ 100 ಗ್ರಾಂ ಕಡಿಮಿ ತೂಗೋ ತಕ್ಕಡಿ ಇನ್ನೂ ಕೆಟ್ಟದ್ದು, ಒಂದೇ ಲೆಕ್ಕ ಹೇಳತದ, ಸುಳ್ಳು ಹೇಳತದ. ಹಂಗ ಈ ಹಾಳೀನೂ ಎರಡು ರೀತಿ ನೋಡಬೇಕು. ಇಬ್ಬರು ಬ್ಯಾರೆಬ್ಯಾರೆ ಕೇಳಿದ್ರೂ, ಹದಿನೈದು ದಿನ ಬಿಟ್ಟು ಕೇಳಿದ್ರೂ ಅಂಕ ಹೊಂದಬೇಕು. ಮತ್ತ ಆ ಅಂಕ ಬ್ಯಾನೀದು ಇರಬೇಕು, ಸಾಲಿಗೆ ಹೋಗದ್ದರದು ಅಲ್ಲ.

ಇದೇನು ಆಗದ ಕೆಲಸ ಅಲ್ಲ. 1990ರ ದಶಕದಾಗ ಹರಿಯಾಣಾದ ಬಲ್ಲಭಗಡದ ಕಡೆ ಓದು ಬರದ ಮುದುಕರ ಸಲುವಾಗಿನ ಪ್ರಶ್ನೆ ಬದಲಿಸಿ, ಅವರ ಮ್ಯಾಲೆ ನೋಡಿ ಹಿಂದಿ ಅಳತಿ ಮಾಡಿದ್ರು. ಐಸಿಎಂಆರ್‌ನವರೂ 5 ಭಾಷಾದಾಗ ಪರೀಕ್ಷೆ ತಯಾರು ಮಾಡ್ಯಾರ, ಅದರಾಗ ಕನ್ನಡನೂ ಅದ. ಅಂಥಾದ್ದು ಮಾಡುವಾಗ ಸಾಲಿ ಕಲೀದ ಅಜ್ಜೀರನ್ನೂ, ಜೊತಿಗೆ ಇರೋ ಸೊಸೀನ್ನೂ ಕೂಡಿಸಿಕೊಂಡು ಕೇಳ್ರಿ ಅಂತ ನನ್ನ ಹಟ.

ಆ ಅಂಕದ ಮ್ಯಾಲೆ ಅತ್ತಿಯವರನ್ನ ಒಬ್ಬರನ್ನ ಬಿಟ್ಟು ಸಂತಿಗೆ ಹೋಗಬಹುದೋ ಇಲ್ಲೋ ಅನ್ನೋದು ನಿಂತದ ಅಲ್ಲೇನ್ರೀ ವೈನಿ? ಮುಂದಿನ ಸರ್ತೆ ನಾನೂ ಒಳಗ ಕೂಡತೀನಿ ಅಂತ ಇವರಿಗೆ ಹೇಳೀನಿ. ಅಲ್ಲೀತನಾ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡೇ ಹೊರಬೀಳೂದು.