ಬೈಪಾಸ್ ಬಿಡಿ, ಊರೊಳಗೆ ಬನ್ನಿ

ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಬೈಕು ಓಡಿಸುವವರು ಇಬ್ಬರು ಎದುರಾದರೆ ಮೊದಲ ಪ್ರಶ್ನೆ ಒಂದೇ. "ನಿನ್ನೆ ಎಷ್ಟು ಕಿಲೋಮೀಟರ್ ಆಯ್ತು?" ಏನು ನೋಡಿದೆ, ಯಾರ ಹತ್ತಿರ ಮಾತಾಡಿದೆ ಅಂತ ಯಾರೂ ಕೇಳಲ್ಲ. ನಾನೂ ಕೇಳ್ತಿರಲಿಲ್ಲ. ಮುನ್ನೂರು ದಾಟಿದ್ದರೆ ಎದೆ ಉಬ್ಬಿಸಿಕೊಂಡು, ಇನ್ನೂರರ ಒಳಗಿದ್ದರೆ "ಮನೇಲಿ ಸ್ವಲ್ಪ ಕೆಲ್ಸ ಇತ್ತು" ಅಂತ ಸಬೂಬು ಹೇಳ್ತಿದ್ದ ಗಿರಾಕಿ ನಾನು.

ಈಗ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ. ಒಂದು ದಿನಕ್ಕೆ ಒಂದೇ ಊರು. ಅದೂ ಹೆಸರುವಾಸಿ ಊರಲ್ಲ, ಯಾವುದಾದರೂ ಒಂದು ತಾಲ್ಲೂಕು ಊರು. ಹೋಗಿ ಬಸ್‌ಸ್ಟ್ಯಾಂಡ್ ಹತ್ತಿರ ಇಂಜಿನ್ ಆಫ್ ಮಾಡಿ, ಸಾಯಂಕಾಲದವರೆಗೆ ಅಲ್ಲೇ ನಡೆದಾಡಬೇಕು. ಇದನ್ನು ಹೇಳಿದರೆ ಗೆಳೆಯರು ನಗ್ತಾರೆ. "ಹಂಗಾದ್ರೆ ಬೈಕ್ ಯಾಕೆ, ಕೆಂಪು ಬಸ್ಸಲ್ಲಿ ಹೋಗು" ಅಂತಾರೆ. ಇರಲಿ, ಯಾಕೆ ಹೀಗೆ ಹೇಳ್ತೀನಿ ಅನ್ನೋದನ್ನ ಇಲ್ಲಿ ಬರೆದು ಬಿಡ್ತೀನಿ.

ಸಿರಾದಿಂದಲೇ ಶುರು ಮಾಡೋಣ. ಬೆಂಗಳೂರಿನಿಂದ ಸುಮಾರು 120 ಕಿಲೋಮೀಟರ್. ಸಿರಾ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಏನು ನೆನಪಾಗತ್ತೆ? ದಾವಣಗೆರೆ, ಹುಬ್ಬಳ್ಳಿ ಕಡೆಗೆ ಹೋಗುವ ರಾತ್ರಿ ಬಸ್ಸು ನಿಲ್ಲುವ ಹೋಟೆಲ್ಲು, ನಿದ್ದೆಗಣ್ಣಿನಲ್ಲಿ ಕುಡಿದ ಕಾಫಿ. ಹಗಲಲ್ಲಿ ಹೋದರೆ ಅದೂ ಇಲ್ಲ. ಹೆದ್ದಾರಿ ಊರನ್ನು ಪಕ್ಕಕ್ಕೆ ಬಿಟ್ಟು ಹೋಗತ್ತೆ, ನಾವು ಬೋರ್ಡು ಓದುವಷ್ಟರಲ್ಲಿ ಹಿರಿಯೂರಿನ ದಾರಿಯಲ್ಲಿರ್ತೀವಿ. ನಾನು ಹಾಗೆ ಎಷ್ಟು ಸಲ ಹೋಗಿದ್ದೀನೋ ಲೆಕ್ಕ ಇಲ್ಲ.

1687ರಲ್ಲಿ ಮೊಘಲರ ಸೇನಾಪತಿ ಖಾಸಿಂ ಖಾನ್ ಬೆಂಗಳೂರನ್ನು ಹಿಡಿದ. ಹಿಡಿದವನು ಅದನ್ನು ಇಟ್ಟುಕೊಳ್ಳಲಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಕೊಟ್ಟುಬಿಟ್ಟ (ಈಗ ಆ ದುಡ್ಡಿಗೆ ಇಲ್ಲಿ ಕಾರು ನಿಲ್ಲಿಸುವಷ್ಟು ಜಾಗವೂ ಸಿಗಲ್ಲ). ಮೊಘಲ್ ಸುಬೆಯ ರಾಜಧಾನಿ ಅಂತ ಆಗಿದ್ದು ಸಿರಾ. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಆಚೆ ಪೆನುಕೊಂಡ, ಎಲ್ಲಾ ಅದರ ಕೈಕೆಳಗಿನ ಪರಗಣಗಳು. ಅಂದರೆ ಆ ಕಾಲದಲ್ಲಿ ಒಬ್ಬ ಮನುಷ್ಯ "ಪಟ್ಟಣಕ್ಕೆ ಹೋಗಿ ಬರ್ತೀನಿ" ಅಂದರೆ ಹೊರಡ್ತಿದ್ದ ದಿಕ್ಕು ನಾವೀಗ ಹೊರಡುವ ದಿಕ್ಕಲ್ಲ!

ಇಷ್ಟೇ ಆಗಿದ್ದರೆ ಹಳೆಯ ವೈಭವ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಹೈದರಾಲಿ ಲಾಲ್‌ಬಾಗ್ ಶುರು ಮಾಡಿದಾಗ ಸಿರಾದ ತೋಟ ಅವನಿಗೆ ಮಾದರಿಯಾಗಿತ್ತು ಅನ್ನುತ್ತಾರೆ. ಬೆಂಗಳೂರು ಕೋಟೆಯ ಒಳಗಿನ ಅರಮನೆಗೆ, ಶ್ರೀರಂಗಪಟ್ಟಣದ ಅರಮನೆಗೆ ಸಿರಾದ ನವಾಬ ದಿಲಾವರ್ ಖಾನನ ಅರಮನೆ ಮಾದರಿ ಅನ್ನುವ ಮಾತೂ ಗೆಜೆಟಿಯರಿನಲ್ಲೇ ಇದೆ. ಟಿಪ್ಪು ತನ್ನ ರಾಜಧಾನಿಯ ಪಕ್ಕ ಗಂಜಾಂ ಕಟ್ಟಿಸುವಾಗ ಸಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದ ಅಂತಲೂ ಅಲ್ಲೇ ಬರತ್ತೆ. ಪ್ರತಿ ವರ್ಷ ಫಲಪುಷ್ಪ ಪ್ರದರ್ಶನಕ್ಕೆ ಕ್ಯೂ ನಿಲ್ಲುವ ನಾವು ಲಾಲ್‌ಬಾಗಿನ ತವರಿನ ಪಕ್ಕದಲ್ಲೇ ನೂರರ ಸ್ಪೀಡಿನಲ್ಲಿ ಹಾದು ಹೋಗ್ತೀವಿ.

ಇದನ್ನೆಲ್ಲಾ ಓದಿಕೊಂಡ ಮೇಲೆ ನಾಚಿಕೆಯಾಗಿ ಒಂದು ಭಾನುವಾರ ಸಿರಾಕ್ಕೆ ಅಂತಲೇ ಹೋದೆ. ಬೆಳಿಗ್ಗೆ ಐದೂವರೆಗೆ ಹೊರಟು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು (ಇದೊಂದು ನಿಲುಗಡೆಗೆ ವಿನಾಯಿತಿ ಇದೆ), ಎಂಟೂವರೆಗೆಲ್ಲಾ ಊರೊಳಗೆ ಇದ್ದೆ. 1651ರಲ್ಲಿ ತೀರಿಕೊಂಡ ಬಿಜಾಪುರದ ಕಡೆಯ ಅಧಿಕಾರಿ ಮಲಿಕ್ ರಿಹಾನನ ದರ್ಗಾ, 1696ರ ಜಾಮಿಯಾ ಮಸೀದಿ, ಕಸ್ತೂರಿ ರಂಗಪ್ಪ ನಾಯಕ ಶುರು ಮಾಡಿದ ಕೋಟೆಯಲ್ಲಿ ಉಳಿದಿರುವಷ್ಟು. ಒಬ್ಬ ಪಾಳೇಗಾರ, ಆಮೇಲೆ ಬಿಜಾಪುರ, ಆಮೇಲೆ ಮೊಘಲರು, ನಡುವೆ ಸ್ವಲ್ಪ ದಿನ ಮರಾಠರು, 1761ರಲ್ಲಿ ಹೈದರಾಲಿ. ಒಂದು ಊರಿನ ಒಳಗೆ ಕಾಲ್ನಡಿಗೆಯಲ್ಲಿ ಇಷ್ಟೂ ಸಿಗತ್ತೆ.

ದರ್ಗಾದ ಹತ್ತಿರ ಒಬ್ಬರು ಹಿರಿಯರು ಕೂತಿದ್ದರು. ನನ್ನ ಜಾಕೆಟ್ಟು, ಕೈಯಲ್ಲಿದ್ದ ಹೆಲ್ಮೆಟ್ಟು ನೋಡಿ, "ಎಲ್ಲಿಗೆ ಹೋಗ್ಬೇಕ್ ಸಾ, ದಾರಿ ತಪ್ಪಿತಾ?" ಅಂದರು.

"ಇಲ್ಲ ಯಜಮಾನ್ರೆ, ಇಲ್ಲಿಗೇ ಬಂದಿದ್ದು."

"ಇಲ್ಲಿಗೇನಾ?" ಅಂತ ಇನ್ನೊಂದು ಸಲ ಕೇಳಿದರು. ನಂಬಿಕೆ ಬರಲಿಲ್ಲ ಅನ್ನಿಸತ್ತೆ. ಆಮೇಲೆ ಎದ್ದು ಬಂದು ಅರ್ಧ ಗಂಟೆ ನನ್ನ ಜೊತೆ ಸುತ್ತಾಡಿದರು. ಅವರು ಹೇಳಿದ್ದರಲ್ಲಿ ಎಷ್ಟು ಚರಿತ್ರೆ, ಎಷ್ಟು ಕತೆ ಅಂತ ನಾನು ಲೆಕ್ಕ ಹಾಕಲಿಲ್ಲ. ಹೊರಡುವಾಗ ಟೀ ದುಡ್ಡು ಕೊಡಲು ಬಿಡಲಿಲ್ಲ. "ಇಲ್ಲಿಗೇ" ಬಂದವರು ಅಪರೂಪ ಇರಬೇಕು.

ಇನ್ನು ನನ್ನ ತಪ್ಪಿನ ವಿಷಯ. ಈ ಬರಹ ಬರೆಯೋಕೆ ನಿಜವಾದ ಕಾರಣ ಅದೇ.

2018ರಲ್ಲಿ ನಾವು ನಾಲ್ಕು ಬೈಕಿನವರು ದಾಬಸ್‌ಪೇಟೆ, ಕೊರಟಗೆರೆ, ಮಧುಗಿರಿ, ಸಿರಾ, ತುಮಕೂರು ಅಂತ ಒಂದು ದೊಡ್ಡ ಸುತ್ತು ಹಾಕಿದ್ದೆವು. ಒಂದೇ ದಿನಕ್ಕೆ. ಮಧುಗಿರಿ ಬೆಟ್ಟವನ್ನು ಕೆಳಗಿನಿಂದಲೇ ನೋಡಿ "ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ" ಅಂತ ಸ್ಟೇಟಸ್ ಹಾಕಿದ್ದೂ ಆಯ್ತು. (ಈ ಏಷ್ಯಾದ ಲೆಕ್ಕ ಯಾರು ಇಟ್ಟಿದ್ದಾರೋ! ಸಾವನದುರ್ಗಕ್ಕೂ ಒಂದು ನಂಬರ್ ಕೊಟ್ಟಿದ್ದಾರೆ.) ಸಿರಾದ ಬೋರ್ಡಿನ ಹತ್ತಿರ ಒಂದು ಗ್ರೂಪ್ ಫೋಟೋ, ಅಷ್ಟಕ್ಕೇ ಸಿರಾ ಮುಗೀತು.

ಅವತ್ತು ಕೊರಟಗೆರೆ ದಾಟಿದ ಮೇಲೆ ಮಧುಗಿರಿ ರಸ್ತೆಯ ಒಂದು ಹಳ್ಳಿಯಲ್ಲಿ ಟೀಗೆ ನಿಲ್ಲಿಸಿದ್ದೆವು. ಅರಳಿಕಟ್ಟೆ, ಪಕ್ಕದಲ್ಲಿ ಗೂಡಂಗಡಿ, ಅದರ ಮುಂದೆ ಒಂದು ವೀರಗಲ್ಲು ಸ್ವಲ್ಪ ವಾಲಿಕೊಂಡು ನಿಂತಿತ್ತು. ನಾನು ಆ ಕಲ್ಲಿನ ತಲೆಯ ಮೇಲೆ ಹೆಲ್ಮೆಟ್ ಇಟ್ಟು ಟೀ ಕುಡಿದೆ. ಹೌದು, ಇಟ್ಟೆ. ಆಗ ಅದು ನನಗೆ ಎತ್ತರ ಸರಿಯಾಗಿರುವ ಒಂದು ಕಲ್ಲು ಅಷ್ಟೇ. ಹತ್ತು ನಿಮಿಷ ನಿಂತು ಹೊರಟೆವು, ಮುಂದೆ ಇನ್ನೂ ಎರಡು ಊರು "ಕವರ್" ಮಾಡೋದಿತ್ತಲ್ಲ.

ಆಮೇಲಿನ ವರ್ಷಗಳಲ್ಲಿ ಶಾಸನ, ವೀರಗಲ್ಲುಗಳ ಹುಚ್ಚು ಹಿಡಿಯಿತು. ವೀರಗಲ್ಲಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ ಇರತ್ತೆ. ದನಗಳನ್ನು ಕದ್ದೊಯ್ಯಲು ಬಂದವರ ಜೊತೆ ಹೋರಾಡಿ ಸತ್ತವನಾದರೆ ದನಗಳೂ ಇರ್ತವೆ. ನಡುವೆ ಅಪ್ಸರೆಯರು ಅವನನ್ನು ಕರೆದುಕೊಂಡು ಹೋಗ್ತಿರ್ತಾರೆ, ಮೇಲೆ ಅವನು ಲಿಂಗದ ಮುಂದೆ ಕೂತಿರ್ತಾನೆ. ಯಾರೋ ಒಬ್ಬ ಹಳ್ಳಿಯವನು, ತನ್ನ ಊರಿನ ದನಕ್ಕೋ, ಹೆಣ್ಣುಮಕ್ಕಳ ಮಾನಕ್ಕೋ ಸತ್ತವನು. ಊರವರು ಅವನಿಗಾಗಿ ಕಲ್ಲು ಕಡೆಸಿ ನಿಲ್ಲಿಸಿದ್ದಾರೆ.

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ, 1904ರದ್ದು, ಪೂರ್ತಿ ತುಮಕೂರು ಜಿಲ್ಲೆಗೇ ಮೀಸಲು. ತಾಲ್ಲೂಕುವಾರು, ಊರುವಾರು ಶಾಸನ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗತ್ತೆ. ಹೊರಡುವ ಹಿಂದಿನ ರಾತ್ರಿ ಆ ತಾಲ್ಲೂಕಿನ ಪುಟಗಳನ್ನು ಓದಿಕೊಂಡರೆ ಮಾರನೇ ದಿನ ಊರೇ ಬೇರೆ ಥರ ಕಾಣತ್ತೆ. ಆದರೆ ರೈಸ್ ಹುಡುಕಿದ್ದು ಅಕ್ಷರಗಳನ್ನು. ಕಲ್ಲಿನ ಮೇಲೆ ಬರಹ ಇದ್ದರೆ ಅದು ಪುಸ್ತಕಕ್ಕೆ ಸೇರಿತು. ಬರಹ ಇಲ್ಲದ ವೀರಗಲ್ಲಿಗೆ ಅಲ್ಲಿ ನಂಬರ್ ಇಲ್ಲ. ನಾನು ಹೆಲ್ಮೆಟ್ ಇಟ್ಟ ಕಲ್ಲು ಆ ಜಾತಿಯದು. ಆ ಊರಿನ ಹೆಸರಿನಡಿ ಹುಡುಕಿದೆ, ಅಲ್ಲಿ ಇರಲಿಲ್ಲ.

2022ರಲ್ಲಿ ಅದನ್ನು ನೋಡೋಕೆ ಅಂತಲೇ ಒಬ್ಬನೇ ಹೋದೆ. ರಸ್ತೆ ಅಗಲ ಆಗಿತ್ತು. ಅರಳಿಮರ ಇತ್ತು, ಕಟ್ಟೆಗೆ ಹೊಸ ಟೈಲ್ಸ್ ಬಂದಿತ್ತು. ಗೂಡಂಗಡಿ ಹತ್ತು ಅಡಿ ಹಿಂದಕ್ಕೆ ಸರಿದಿತ್ತು. ಕಲ್ಲು ಇರಲಿಲ್ಲ.

ಅಂಗಡಿಯ ಅಜ್ಜಿಯನ್ನು ಕೇಳಿದೆ. "ಆ ಕಲ್ಲಾ? ರೋಡ್ ಮಾಡೋವಾಗ ಜೆಸಿಬಿನೋರು ಕಿತ್ತಾಕಿದ್ರು ಕಣಪ್ಪ. ಚರಂಡಿಗೇ ಹಾಕಿದ್ರೋ, ಮಣ್ಣಿನ್ ಜೊತೆ ಹೋಯ್ತೋ. ನಮ್ಮತ್ತೆ ಇರೋಗಂಟ ಹಬ್ಬಕ್ಕೆ ಎಣ್ಣೆ ಹಚ್ತಿದ್ರು. ಯಾಕಪ್ಪ, ಬೆಲೆ ಬಾಳೋದಾ ಅದು?"

ಏನು ಹೇಳೋದು? "ಇಲ್ಲ ಅಜ್ಜಿ, ಸುಮ್ನೆ ಕೇಳ್ದೆ" ಅಂದೆ. ಹಾಗೆ ಅಂದದ್ದು ಇವತ್ತಿಗೂ ಚುಚ್ಚತ್ತೆ. 2018ರಲ್ಲಿ ಇದೇ ಅಂಗಡಿಯ ಮುಂದೆ ನಿಂತು ನಾನು "ಇದು ಯಾರ ಕಲ್ಲು ಅಜ್ಜಿ?" ಅಂತ ಒಂದು ಮಾತು ಕೇಳಿದ್ದರೆ, ಮೊಣಕಾಲೂರಿ ಒಂದು ಫೋಟೋ ತೆಗೆದಿದ್ದರೆ, ಜೆಸಿಬಿ ಬಂದ ದಿನ ಯಾರಾದರೂ "ಅದುನ್ನ ನೋಡೋಕೆ ಬೆಂಗ್ಳೂರಿಂದ ಬಂದಿದ್ರು, ಪಕ್ಕಕ್ ಇಡಿ" ಅಂತಿದ್ದರೇನೋ. ಅನ್ನದೆಯೂ ಇರಬಹುದಿತ್ತು. ಆದರೆ ಆ ಅವಕಾಶ ಇತ್ತು, ನಾನು ಅದರ ಮೇಲೆ ಹೆಲ್ಮೆಟ್ ಇಟ್ಟಿದ್ದೆ.

ಅದಕ್ಕೇ ನಾನು ಒಂದು ದಿನಕ್ಕೆ ಒಂದೇ ಊರು ಅಂತ ಹಟ ಹಿಡಿಯೋದು. ಸಿರಾದ ದರ್ಗಾ, ಮಸೀದಿಗಳಿಗೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆ ಇದೆ. ಅಂಥವು ಹೇಗೋ ಉಳೀತವೆ. ಪಟ್ಟಿಯಲ್ಲಿ ಇಲ್ಲದ ಕಲ್ಲು, ಬಾವಿ, ಮಂಟಪ, ಕೆರೆಯ ತೂಬು, ಇವುಗಳಿಗೆ ಇರುವ ರಕ್ಷಣೆ ಊರವರ ನೆನಪೊಂದೇ. ಆ ನೆನಪು ಒಬ್ಬ ಅತ್ತೆಯ ಜೊತೆ ಹೋಗಿಬಿಡಬಹುದು ಅಂತ ನಾನು ನೋಡಿದೆ. ಹೊರಗಿನವನೊಬ್ಬ ಬಂದು ಕೇಳಿದರೆ ಅದು ಸ್ವಲ್ಪ ಗಟ್ಟಿಯಾಗತ್ತೆ. ಕೇಳೋಕೆ ಹೊತ್ತು ಬೇಕು. ದಿನಕ್ಕೆ ಮೂರು ಊರು ಮುಗಿಸುವವನ ಹತ್ತಿರ ಆ ಹೊತ್ತು ಇರಲ್ಲ.

ಬೆಂಗಳೂರಿನಲ್ಲಿ ಇದು ನಡೆದು ತೋರಿಸಿದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಸಿಕ್ಕ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದ್ದು. ನೋಡಿ ಗುರುತಿಸುವ ಕಣ್ಣುಗಳು ಅಲ್ಲಿದ್ದವು, ಅದು ಉಳಿಯಿತು. ಈಗ ಮಿಥಿಕ್ ಸೊಸೈಟಿಯವರು ನಗರದ ಸುತ್ತಮುತ್ತಲ ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಕೂಡ ಮಾಡಿದ್ದಾರೆ. ಅದೇ ವರ್ಷ ಕೊರಟಗೆರೆ ರಸ್ತೆಯಲ್ಲಿ ಇದ್ದ ಕಣ್ಣುಗಳು ನನ್ನವು, ಅವು ಮೊಬೈಲ್ ನೋಡ್ತಿದ್ದವು.

ನನ್ನ ಗೆಳೆಯನೊಬ್ಬ ಇದಕ್ಕೆಲ್ಲಾ ಒಪ್ಪಲ್ಲ. "ಓಡಿಸೋದೇ ಮಜಾ ಕಣೋ, ಊರು ಬರೀ ನೆಪ. ನೀನು ಸಂಶೋಧನೆ ಮಾಡು, ನಮ್ಮನ್ನ ಬಿಡು" ಅಂತಾನೆ. ಅವನು ಹೇಳೋದು ಸುಳ್ಳಲ್ಲ. ಬೆಳಗಿನ ಜಾವ ಖಾಲಿ ರಸ್ತೆ, ಎರಡೂ ಕಡೆ ಹುಣಸೆಮರ, ಆ ಸುಖ ನನಗೂ ಬೇಕು. ಆದರೆ ಅದು ಹೋಗುವಾಗ ಎರಡು ಗಂಟೆ, ಬರುವಾಗ ಎರಡು ಗಂಟೆ ಸಿಕ್ಕೇ ಸಿಗತ್ತಲ್ಲ! ನಡುವಿನ ಹೊತ್ತನ್ನೂ ಸೀಟಿನ ಮೇಲೆಯೇ ಕಳೆಯಬೇಕಾ?

ಇನ್ನೊಂದು ಆಕ್ಷೇಪ ಸ್ವಲ್ಪ ಗಂಭೀರದ್ದು. ಹೀಗೆ ಬರೆದರೆ ಎಲ್ಲರೂ ಹೋಗಿ ಹಾಳು ಮಾಡ್ತಾರೆ, ನಂದಿಬೆಟ್ಟ ನೋಡಿಲ್ವಾ ಅಂತ. ನಿಜ, ಭಾನುವಾರ ಬೆಳಿಗ್ಗೆ ನಂದಿಗೆ ಹೋಗುವುದಕ್ಕಿಂತ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಲ್ಲೋದು ವಾಸಿ. ಆದರೆ ತಾಲ್ಲೂಕು ಊರು ಬೆಟ್ಟದಂತಲ್ಲ. ಅದಕ್ಕೆ ಸಂತೆಯ ಜನ ನೋಡಿ ಅಭ್ಯಾಸ ಇದೆ. ಎರಡು ಬೈಕು ಬಂದು ಹೋದರೆ ಅದಕ್ಕೇನೂ ಆಗಲ್ಲ. ಇಪ್ಪತ್ತು ಬೈಕು ಸೈಲೆನ್ಸರ್ ಬಿಚ್ಚಿಕೊಂಡು ಪೇಟೆ ಬೀದಿಗೆ ನುಗ್ಗೋದಾದರೆ ದಯವಿಟ್ಟು ಹೆದ್ದಾರಿಯಲ್ಲೇ ಇರಿ.

ಹೆದ್ದಾರಿ ಅಂದಾಗ ನೆನಪಾಯ್ತು. 2023ರ ಆಗಸ್ಟ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯರಸ್ತೆಗೆ ಬೈಕುಗಳು ಬರಬಾರದು ಅಂತ ಮಾಡಿದಾಗ ಎಲ್ಲರ ಜೊತೆ ನಾನೂ ಬೈದೆ. ಈಗ ಅನ್ನಿಸತ್ತೆ, ನಮಗೆ ಒಳ್ಳೇದೇ ಆಯ್ತು. ಸರ್ವಿಸ್ ರಸ್ತೆಯಲ್ಲಿ ಕುಲುಕಾಡಿಕೊಂಡು, ಹಳೇ ರಸ್ತೆಗೆ ಇಳಿದರೆ ಚನ್ನಪಟ್ಟಣ ಮತ್ತೆ ಚನ್ನಪಟ್ಟಣವಾಗಿ ಸಿಗತ್ತೆ, ಮದ್ದೂರಿನಲ್ಲಿ ನಿಂತು ವಡೆ ತಿನ್ನಬಹುದು. ಕಾರಿನವರು ಒಂದೂವರೆ ಗಂಟೆಯಲ್ಲಿ ಮೈಸೂರು ಸೇರ್ತಾರೆ, ಸೇರಲಿ.

ಎಲ್ಲಿಗೆ ಅಂತ ಕೇಳಿದರೆ ದೂರ ಹೋಗಲೇಬೇಕಿಲ್ಲ. ವಿಮಾನಕ್ಕೆ ಅಂತ ಮೂವತ್ತು ಸಲ ದೇವನಹಳ್ಳಿ ಕಡೆ ಹೋದವರು ಒಂದು ಸಲವೂ ಕೋಟೆಯೊಳಗೆ ಕಾಲಿಟ್ಟಿರಲ್ಲ. ಕೋಟೆಯೊಳಗೆ ಇನ್ನೂ ಮನೆಗಳಿವೆ, ಜನ ಇದ್ದಾರೆ, ಟಿಪ್ಪು ಹುಟ್ಟಿದ ಜಾಗ ಪಕ್ಕದಲ್ಲೇ ಇದೆ. 2022ರಲ್ಲಿ ನಿಲ್ಲಿಸಿದ 108 ಅಡಿಯ ಕೆಂಪೇಗೌಡರ ಮುಂದೆ ಸೆಲ್ಫಿ ತೆಗೆದುಕೊಂಡವರು ಮಾಗಡಿಗೂ ಒಂದು ದಿನ ಕೊಡಿ. 1638ರಲ್ಲಿ ಬೆಂಗಳೂರು ಕೈತಪ್ಪಿದ ಮೇಲೆ ಆ ವಂಶದವರು ಹೋಗಿ ನೆಲೆಸಿದ್ದು ಅಲ್ಲಿ. ಮುಳಬಾಗಿಲು ಡಿವಿಜಿಯವರು ಹುಟ್ಟಿದ ಊರು. ನನ್ನ ಮುಂದಿನ ಭಾನುವಾರ ಅದಕ್ಕೇ.

ಕೊನೆಗೆ ಒಂದು ಕೇಳಿಕೆ. ಆ 2018ರ ದಿನ ನಾನು ಬೈಕಿನ ಫೋಟೋ ಒಂದು ತೆಗೆದಿದ್ದೆ. ಹಿಂದಿನ ಚಕ್ರದ ಆಚೆ ಆ ಕಲ್ಲು ಕಾಣತ್ತೆ. ಮೇಲಿನ ಪಟ್ಟಿ ಪೂರ್ತಿ ಇದೆ. ಲಿಂಗ, ಕೈಮುಗಿದು ಕೂತ ವೀರ, ಅವನ ನೆತ್ತಿಯ ಮೇಲೆ ನನ್ನ ಹೆಲ್ಮೆಟ್ಟು. ನಡುವಿನದು ಅರ್ಧ. ಕೆಳಗೆ ಅವನು ಯಾರ ಜೊತೆ ಹೋರಾಡಿದ, ದನಗಳಿದ್ದವಾ ಇಲ್ಲವಾ, ಅದು ಚಕ್ರದ ಹಿಂದೆ ಹೋಗಿದೆ. ನೀವು ಯಾರಾದರೂ 2022ಕ್ಕಿಂತ ಮುಂಚೆ ಕೊರಟಗೆರೆಯಿಂದ ಮಧುಗಿರಿ ಕಡೆ ಹೋಗುವಾಗ ಅರಳಿಕಟ್ಟೆ ಪಕ್ಕದ ಗೂಡಂಗಡಿಯಲ್ಲಿ ಟೀಗೆ ನಿಲ್ಲಿಸಿ ಫೋಟೋ ತೆಗೆದಿದ್ದರೆ ಒಂದು ಸಲ ತೆಗೆದು ನೋಡ್ತೀರಾ? ಹಿಂದೆ ಮುಂದೆ ಎಲ್ಲಾದರೂ ವಾಲಿಕೊಂಡ ಕಲ್ಲು ಇದ್ದರೆ ನನಗೆ ಕಳಿಸಿ. ಮಸುಕಾಗಿದ್ದರೂ ಪರವಾಗಿಲ್ಲ.